ಆಚಾರ್ರ ಕಣ್ಣು, ನನ್ನ ಕಪ್ಪು ಗಾಜು

ಸೂರ್ಯನನ್ನು ನೋಡುವ ಹವ್ಯಾಸಕ್ಕೆ ಇಳಿಯಬೇಕೆಂದಿದ್ದೇವೆ, ಏನೇನು ಸಾಮಾನು ಬೇಕು ಎಂದು ಕೇಳಿಕೊಂಡು ಆಗಾಗ ಯಾರಾದರೂ ನನ್ನ ಮನೆಗೆ ಬರುತ್ತಾರೆ. ಎಷ್ಟು ಅಂಗುಲದ ದುರ್ಬೀನು, ಎಂಥ ಪಟ್ಟಕ, ಯಾವ ಕಪ್ಪು ಗಾಜು ಎಂದು ಕಾಗದ ಪೆನ್ಸಿಲ್ ಹಿಡಿದೇ ಕೂರುತ್ತಾರೆ. ನಾನು ಪೆಟ್ಟಿಗೆಯಿಂದ ಒಂದು ರಟ್ಟಿನ ಮುಚ್ಚಳ ತೆಗೆದು ಅವರ ಕೈಗೆ ಕೊಡುತ್ತೇನೆ. ನಡುವೆ ರೂಪಾಯಿ ನಾಣ್ಯದಷ್ಟಗಲ ತೂತಿರುವ, ಬಣ್ಣ ಮಾಸಿದ ರಟ್ಟು. ಇದೇನು ಎಂದು ಕೇಳಿದರೆ ಹೇಳುವುದಕ್ಕೆ ಬಹಳ ಹೊತ್ತು ಬೇಕು, ಹೇಳುವಷ್ಟು ಹೊತ್ತೂ ಎದುರಿಗಿದ್ದವರ ಮುಖ ನೋಡಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆದುಬಿಡುತ್ತಿದ್ದೇನೆ.

ಆಗ ಯುದ್ಧ ನಡೆಯುತ್ತಿತ್ತು. ನಾನು ಮಧುಗಿರಿಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಹರಾಜಿಗೆ ಬಂದಿದ್ದ ಮೂರಂಗುಲದ ಹಿತ್ತಾಳೆ ದುರ್ಬೀನೊಂದು ನನ್ನ ಪಾಲಿಗೆ ಸಿಕ್ಕಿತ್ತು. ಬಾಡಿಗೆ ಮನೆಯ ತಾರಸಿಯ ಮೇಲೆ ಅದನ್ನು ನಿಲ್ಲಿಸಿ, ಬೆಳಿಗ್ಗೆ ಸೂರ್ಯನ ಮೈಮೇಲಿನ ಕಲೆಗಳನ್ನು ನೋಡಿ ಚಿತ್ರ ಬರೆದಿಡುವುದು ನನ್ನ ಚಟ. ಒಂಬತ್ತು ಗಂಟೆಯೊಳಗೆ ಮುಗಿಸಬೇಕು. ಆಮೇಲೆ ಊರ ಬೆನ್ನಿಗಿರುವ ಬೆಟ್ಟ ಕಾಯುತ್ತದೆ. ಬಂಡೆ ಕಾದರೆ ಅದರ ಮೇಲಿನ ಗಾಳಿ ನಡುಗುತ್ತದೆ, ಸೂರ್ಯನ ಅಂಚು ಉಕ್ಕುವ ಹಾಲಿನಂತೆ ಕುದಿಯುತ್ತದೆ. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಸ್ವಂತವಾಗಿ ಕಂಡುಕೊಂಡಿದ್ದೆ. ಆ ಬಗ್ಗೆ ಜಂಬವೂ ಇತ್ತು.

ಕಲೆ ನೋಡಿದ್ದು ಸಾಲದೆ ರೋಹಿತದರ್ಶಕ ಮಾಡಿಕೊಳ್ಳುವ ಹುಚ್ಚು ಹತ್ತಿತು. ಬಿಸಿಲನ್ನು ಕೂದಲೆಳೆಯಷ್ಟು ಸಣ್ಣ ಸೀಳಿನೊಳಗೆ ಬಿಟ್ಟು, ಮೂರು ಮುಖದ ಗಾಜಿನ ಪಟ್ಟಕದಿಂದ ಹಾಯಿಸಿದರೆ ಬಣ್ಣಗಳು ಬಿಡಿಬಿಡಿಯಾಗಿ ಹರಡುತ್ತವೆ. ಆ ಬಣ್ಣಗಳ ನಡುವೆ ನೂರಾರು ಕಪ್ಪು ಗೆರೆಗಳಿರುತ್ತವೆ. ಸೂರ್ಯನಲ್ಲಿ ಏನೇನಿದೆ ಎನ್ನುವುದಕ್ಕೆ ಆ ಗೆರೆಗಳೇ ಸಾಕ್ಷಿ. ಪಟ್ಟಕ ಶಾಲೆಯ ಬೀರುವಿನಲ್ಲಿತ್ತು. ಕೈಕೊಟ್ಟಿದ್ದು ಸೀಳು. ಎರಡು ಕ್ಷೌರದ ಬ್ಲೇಡುಗಳನ್ನು ಎದುರುಬದುರಾಗಿ ಅರಗಿನಿಂದ ಅಂಟಿಸಿ ನೋಡಿದೆ. ಮೇಲೆ ಅಗಲ, ಕೆಳಗೆ ಕಿರಿದು. ಅಂಚಿನಲ್ಲಿ ಧೂಳಿನ ಒಂದು ಕಣ ಕೂತರೂ ಬಣ್ಣದ ಪಟ್ಟಿಯುದ್ದಕ್ಕೂ ಕರಿ ದಾರ ಎಳೆದಂತೆ ಕಾಣುತ್ತಿತ್ತು. ಮೂರು ವಾರ ಬ್ಲೇಡುಗಳಿಂದ ಬೆರಳು ಕುಯ್ದುಕೊಂಡ ಮೇಲೆ ಪೇಟೆಬೀದಿಯ ಅಕ್ಕಸಾಲಿ ಆಚಾರ್ರ ಬಳಿ ಹೋದೆ.

ಆಚಾರ್ರು ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಮಾತು ಕಡಿಮೆ. ಕೆಲಸದ ಮಣೆಯ ಮುಂದೆ ಕೂತು ಊದುಗೊಳವೆ ಬಾಯಲ್ಲಿಟ್ಟುಕೊಂಡೇ ನನ್ನ ಉಪನ್ಯಾಸವನ್ನೆಲ್ಲ ಕೇಳಿಸಿಕೊಂಡರು. ಕೊನೆಗೆ ಗೊಳವೆ ತೆಗೆದು, "ಈ ಸಂದೀಲಿ ಹೋಗ್ಬೇಕಾದ್ದೇನು ಮೇಷ್ಟ್ರೇ?" ಎಂದು ಕೇಳಿದರು. ಬೆಳಕು ಎಂದೆ. ಇಷ್ಟು ವರ್ಷದಲ್ಲಿ ಬೆಳಕಿಗೆ ಒಡವೆ ಮಾಡಿಕೊಡಿ ಎಂದು ಯಾರೂ ಬಂದಿರಲಿಲ್ಲ ಎಂದು ನಕ್ಕರು.

ನಾಲ್ಕು ದಿನಕ್ಕೆ ಸೀಳು ತಯಾರಾಯಿತು. ಹಿತ್ತಾಳೆಯ ಎರಡು ತುಟಿ, ಎರಡರ ಅಂಚನ್ನೂ ಒಂದೇ ಮಗ್ಗುಲಿಗೆ ಓರೆಯಾಗಿ ಅರದಿಂದ ಉಜ್ಜಿದ್ದರು. ಒಂದು ತುಟಿ ಗಟ್ಟಿಯಾಗಿ ಕೂತಿತ್ತು, ಇನ್ನೊಂದು ಸಣ್ಣ ತಿರುಪಿನಿಂದ ಮುಂದೆ ಹಿಂದೆ ಸರಿಯುತ್ತಿತ್ತು. ಅದರ ಹಿಂದೆ ಹಳೆಯ ಗಡಿಯಾರದ ಸ್ಪ್ರಿಂಗು. ನಡುವೆ ಒಂದು ಕೂದಲಿಟ್ಟು ತಿರುಪು ಬಿಗಿದರೆ ಕೂದಲು ಹಿಡಿದುಕೊಳ್ಳುತ್ತಿತ್ತೇ ಹೊರತು ತುಂಡಾಗುತ್ತಿರಲಿಲ್ಲ. ಆಮೇಲೆ ನಾನು ದೊಡ್ಡ ಊರುಗಳಲ್ಲಿ ವಿಲಾಯತಿ ಸೀಳುಗಳನ್ನೂ ನೋಡಿದ್ದೇನೆ. ಆಚಾರ್ರ ಸೀಳಿಗೆ ಅವು ಸಾಟಿಯಲ್ಲ. ಕೂಲಿ ಎಷ್ಟೆಂದು ಕೇಳಿದ್ದಕ್ಕೆ, ಕೂಲಿ ಬೇಡ, ಅದರೊಳಗೆ ಏನು ಕಾಣುತ್ತದೆಂದು ಒಂದು ಸಲ ತೋರಿಸಿದರೆ ಸಾಕು ಎಂದರು.

ಭಾನುವಾರ ತಾರಸಿಗೆ ಬಂದರು. ಬಲಗಣ್ಣನ್ನು ಇಟ್ಟು, ಮೈ ಅಲುಗಿಸದೆ ಬಹಳ ಹೊತ್ತು ನೋಡಿದರು. ಹಳದಿಯಲ್ಲಿ ಒಂದು ಜೋಡಿ ಗೆರೆಯಿದೆ, ಉಪ್ಪನ್ನು ಸ್ಪಿರಿಟ್ಟಿನ ಜ್ವಾಲೆಗೆ ಹಾಕಿದರೆ ಅದೇ ಜಾಗದಲ್ಲಿ ಹೊಳೆಯುತ್ತದೆ. ಅದು ಜೋಡಿಯೆಂದು ಗುರುತಿಸಲು ನನಗೆ ಎರಡು ದಿನ ಹಿಡಿದಿತ್ತು. ಆಚಾರ್ರು ಸಲೀಸಾಗಿ, "ಇವೆರಡ್ರ ಮಧ್ಯೆ ಇನ್ನೊಂದೈತಲ್ಲ, ಎಳೆ ತೆಳ್ಳಗೆ," ಎಂದರು. ನಾನು ನೋಡಿದೆ, ಕಾಣಲಿಲ್ಲ. ಪುಸ್ತಕ ತೆರೆದು ನೋಡಿದೆ. ಇತ್ತು.

ಅಂದಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಆಚಾರ್ರು ಬರುತ್ತಿದ್ದರು. ಅವರು ನೋಡಿ ಹೇಳುವುದು, ನಾನು ಬರೆಯುವುದು. ಕಲೆಗಳಾಗಲಿ ಗೆರೆಗಳಾಗಲಿ, ಅವರ ಕಣ್ಣಿಗೆ ಸಿಕ್ಕಿದ್ದು ನನಗೆ ಅರ್ಧವೂ ಸಿಗುತ್ತಿರಲಿಲ್ಲ. ಆ ಚಿತ್ರಗಳನ್ನು ಉತ್ತರದ ಕಡೆಯ ಹವ್ಯಾಸಿಗಳ ಸಂಘವೊಂದಕ್ಕೆ ಕಳಿಸುತ್ತಿದ್ದೆ. ನೋಡಿದವರು ಎಂಬ ಕಡೆ ನನ್ನ ಹೆಸರೇ ಬರೆಯುತ್ತಿದ್ದೆ. ಒಮ್ಮೆ ಅಲ್ಲಿನ ಕಾರ್ಯದರ್ಶಿಯಿಂದ ನಿಮ್ಮ ದೃಷ್ಟಿ ಅಸಾಧಾರಣವಾದದ್ದು ಎಂದು ಕಾಗದ ಬಂತು. ಅದನ್ನು ಆಚಾರ್ರಿಗೆ ಓದಿ ಹೇಳಲಿಲ್ಲ. ಮಡಿಸಿ ಜೇಬಿನಲ್ಲಿಟ್ಟುಕೊಂಡು ಶಾಲೆಯಲ್ಲಿ ನಾಲ್ಕು ಜನಕ್ಕೆ ತೋರಿಸಿದೆ.

ಇಲ್ಲಿ ಸಾಮಾನಿನ ವಿಷಯ ಸ್ವಲ್ಪ ಹೇಳಬೇಕು. ನನ್ನಲ್ಲಿದ್ದದ್ದು ಒಂದೇ ದುರ್ಬೀನು, ಅದರಿಂದ ಎರಡು ಕೆಲಸ. ರೋಹಿತದರ್ಶಕಕ್ಕೆ ಬೆಳಕು ಎಷ್ಟಿದ್ದರೂ ಸಾಲದು, ಹಾಗಾಗಿ ದುರ್ಬೀನಿನ ಮುಂಬಾಯಿಯನ್ನು ಪೂರ್ತಿ ತೆರೆದಿಡಬೇಕು. ಆದರೆ ಸೂರ್ಯನ ಬಿಂಬವನ್ನೇ ನೋಡಬೇಕಾದಾಗ ಕಣ್ಣಿಡುವ ಐಪೀಸಿನ ಮೇಲೆ ಕಪ್ಪು ಗಾಜಿನ ಬಿಲ್ಲೆ ತಿರುಗಿಸಿ ಕೂರಿಸಬೇಕು. ಮುಂದಿನ ಮಸೂರ ಒಟ್ಟು ಮಾಡಿದ ಬಿಸಿಯೆಲ್ಲ ಬಂದು ಬೀಳುವುದು ಆ ಗಾಜಿನ ಮೇಲೆಯೇ. ಆದ್ದರಿಂದ ಮುಂಬಾಯಿಗೆ ತೂತಿನ ರಟ್ಟು ಮುಚ್ಚಿ ಬಿಸಿಲನ್ನು ಕಡಿಮೆ ಮಾಡಬೇಕು. ಮೊದಲು ರಟ್ಟು, ಆಮೇಲೆ ಗಾಜು, ಕೊನೆಗೆ ಕಣ್ಣು. ಇದನ್ನು ನಾನೇ ದಪ್ಪಕ್ಷರದಲ್ಲಿ ಬರೆದು ಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿದ್ದೆ. ಕಪ್ಪು ಗಾಜು ಇದ್ದದ್ದು ಒಂದೇ. ಯುದ್ಧದಿಂದಾಗಿ ಇನ್ನೊಂದನ್ನು ತರಿಸುವ ಹಾಗಿರಲಿಲ್ಲ.

ಆಷಾಢದ ಅಮಾವಾಸ್ಯೆ ಬೆಳಿಗ್ಗೆ ಸೂರ್ಯಗ್ರಹಣ. ಪೂರ್ಣಗ್ರಹಣವಲ್ಲ, ಒಂದು ಪಾಲು ಮುಚ್ಚುವಂಥದ್ದು. ಆಚಾರ್ರನ್ನು ಕರೆಯಲು ಪೇಟೆಬೀದಿಗೆ ಹೋದರೆ ಮನೆಮನೆಯ ಅಂಗಳದಲ್ಲೂ ತಟ್ಟೆಯ ನೀರಲ್ಲಿ ಒನಕೆ ನಿಲ್ಲಿಸಿ ಗ್ರಹಣ ಹಿಡಿಯಿತೇ ಎಂದು ನೋಡುವ ಸಂಭ್ರಮ. ಆಚಾರ್ರ ಹೆಂಡತಿ ಹಿತ್ತಾಳೆ ಬೋಗುಣಿಯಲ್ಲಿ ಸಗಣಿ ಕದಡಿದ ನೀರಿಟ್ಟುಕೊಂಡು, ಗ್ರಹಣ ಹಿಡಿಯುವುದನ್ನು ಅದರಲ್ಲಿ ನೋಡಲು ಕಾದಿದ್ದರು. ಸೂರ್ಯನನ್ನು ಸಗಣಿಯಲ್ಲಿ ಮುಳುಗಿಸಿಬಿಟ್ಟಿರಲ್ಲಮ್ಮ ಎಂದು ರೇಗಿಸಿದೆ. "ನಮ್ಮವ್ವ ಇಂಗೇ ನೋಡ್ತಿದ್ದಿದ್ದು ಮೇಷ್ಟ್ರೇ. ಕಣ್ಣಿಗೆ ತಂಪು ಕಣ್ರೀ," ಎಂದರು ಆಕೆ. ಬೀದಿಯಲ್ಲಿ ಹೋಗುತ್ತಿದ್ದ ಪುರೋಹಿತರು ಗ್ರಹಣವನ್ನು ನೇರವಾಗಿ ನೋಡಿದರೆ ದೋಷ ಎಂದು ಎಚ್ಚರಿಸಿದರು. ನಡುಬೀದಿಯಲ್ಲಿ ನಿಂತು ಅವರಿಗೆ ಚಂದ್ರನ ನೆರಳಿನ ಪಾಠ ಮಾಡಿ, ನಾಲ್ಕು ಜನರ ಮುಂದೆ ಅವರ ಬಾಯಿ ಮುಚ್ಚಿಸಿ, ಆಚಾರ್ರನ್ನು ಕರೆದುಕೊಂಡು ಹೊರಟೆ.

ತಾರಸಿಯ ಮೇಲೆ ಆಷಾಢದ ಗಾಳಿ. ಹರಿದ ಮೋಡಗಳು ಓಡುತ್ತಿದ್ದವು. ಮೊದಲ ಅರ್ಧಗಂಟೆ ರೋಹಿತದರ್ಶಕ ಹಾಕಿ ನೋಡಿದೆವು. ದುರ್ಬೀನಿನ ಬಾಯಿ ಪೂರ್ತಿ ತೆರೆದಿತ್ತು. ನನ್ನ ಕಾಗದಗಳು ಹಾರತೊಡಗಿದ್ದರಿಂದ ರಟ್ಟಿನ ಮುಚ್ಚಳವನ್ನೇ ಅವುಗಳ ಮೇಲಿಟ್ಟು ಕಲ್ಲು ಹೇರಿದೆ. ಗ್ರಹಣ ಏರುವ ಹೊತ್ತಿಗೆ ದೊಡ್ಡ ಮೋಡವೊಂದು ಸರಿದು ಸೂರ್ಯ ಸ್ಪಷ್ಟವಾಗಿ ಹೊರಬಂದ. ಮುಂದಿನ ಮೋಡ ಆಗಲೇ ಹತ್ತಿರದಲ್ಲಿತ್ತು. ಅವಸರದಲ್ಲಿ ರೋಹಿತದರ್ಶಕ ಬಿಚ್ಚಿ, ಐಪೀಸು ಕೂರಿಸಿ, ಕಪ್ಪು ಗಾಜು ತಿರುಗಿಸಿ, ನೋಡಿ ಆಚಾರ್ರೇ ಎಂದೆ. ರಟ್ಟು ಕಾಗದದ ಮೇಲೇ ಉಳಿಯಿತು.

ಅರ್ಧ ನಿಮಿಷ ಕಳೆದಿರಬಹುದು.

"ಏನೋ ಟಿಕ್ ಅಂತು ಮೇಷ್ಟ್ರೇ."

ಹಿತ್ತಾಳೆ ಬಿಸಿಗೆ ಹಿಗ್ಗುತ್ತಿದೆ, ನೀವು ನೋಡಿ ಎಂದೆ.

"ಒಂದು ಗೆರೆ ಕಾಣ್ತೈತೆ. ಬೆಳ್ಳಗೆ. ಕಣ್ಣಿಗೆ ಚುಚ್ತೈತೆ."

ಈಗಲೂ ನನ್ನ ಕಿವಿಯಲ್ಲಿರುವುದು ಆ ಮಾತು. ಚುಚ್ಚುತ್ತದೆ ಎಂದರು. ನನಗೆ ಕೇಳಿಸಿದ್ದು ಬೆಳ್ಳನೆಯ ಗೆರೆ ಎನ್ನುವುದಷ್ಟೇ. ಗ್ರಹಣದ ಹೊತ್ತಿನಲ್ಲಿ ಚಂದ್ರನ ಅಂಚಿನಿಂದ ಬೆಳಕಿನ ಗೆರೆ ಎಂದರೆ ಯಾರೂ ಕಾಣದ್ದು ನನ್ನ ತಾರಸಿಯ ಮೇಲೆ ಕಂಡಿತೆಂದೇ ಅರ್ಥ. ಸಂಘದ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗುವುದು ಕೂಡ ಆ ಕ್ಷಣದಲ್ಲೇ ಕಣ್ಣ ಮುಂದೆ ಬಂತು.

"ಕಣ್ಣು ತೆಗೀಬೇಡಿ," ಎಂದೆ. "ನಾನು ಹೇಳೋವರೆಗೂ ಹಾಗೇ ನೋಡ್ತಿರಿ. ಎಲ್ಲಿಂದ ಎಲ್ಲೀವರೆಗಿದೆ ಗೆರೆ?"

ಬೇರೆ ಯಾರಾದರೂ ಆಗಿದ್ದರೆ ಬೆಚ್ಚಿ ಮುಖ ತೆಗೆದಿರುತ್ತಿದ್ದರು. ಆಚಾರ್ರು ಅಕ್ಕಸಾಲಿ. ಬೆಸುಗೆ ಕರಗಿ ಹರಿಯುವ ಗಳಿಗೆಯಲ್ಲಿ ಬೆಂಕಿಯಿಂದ ದೃಷ್ಟಿ ತೆಗೆದರೆ ಒಡವೆ ಕೆಟ್ಟಿತೆಂದು ಚಿಕ್ಕಂದಿನಿಂದ ಕಲಿತವರು. ಎಷ್ಟೇ ಝಳವಿದ್ದರೂ ರೆಪ್ಪೆ ಬಡಿಯದಿರುವುದು ಅವರ ಕಸುಬು. ಅದರ ಮೇಲೆ ಮೇಷ್ಟ್ರ ಮಾತು ಬೇರೆ. ಗೆರೆಯ ಉದ್ದ, ಓರೆ, ಅದು ಮುಟ್ಟುವ ಜಾಗ ಎಲ್ಲವನ್ನೂ ಒಂದೊಂದಾಗಿ ಹೇಳಿದರು. ನಾನು ಬರೆದುಕೊಂಡೆ. ಮೋಡ ಬಂದು ಮುಚ್ಚಿದ ಮೇಲೆಯೇ ಮುಖ ತೆಗೆದದ್ದು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಸ್ವಲ್ಪ ಸುಸ್ತಾಗಿದೆ, ಮನೆಗೆ ಹೋಗುತ್ತೇನೆ ಎಂದರು. ಮೆಟ್ಟಿಲಿಳಿಯುವಾಗ ಗೋಡೆ ಹಿಡಿದುಕೊಂಡಿದ್ದನ್ನು ನಾನು ನೋಡಿದೆ. ನೋಡಿಯೂ ಚಿತ್ರ ತಿದ್ದುತ್ತ ಕೂತೆ. ಗ್ರಹಣ ಇನ್ನೂ ಬಿಟ್ಟಿರಲಿಲ್ಲ.

ಗೆರೆಯ ವರದಿಯನ್ನು ಅಚ್ಚುಕಟ್ಟಾಗಿ ಬರೆದು ಮಾರನೆಯ ದಿನವೇ ಅಂಚೆಗೆ ಹಾಕಿದೆ. ಆಮೇಲೆ ಮೂರು ನಾಲ್ಕು ವಾರ ಮೋಡ ಕವಿದೇ ಇತ್ತು, ದುರ್ಬೀನು ಪೆಟ್ಟಿಗೆಯಲ್ಲೇ ಉಳಿಯಿತು. ಆಚಾರ್ರು ಬರುತ್ತಿರಲಿಲ್ಲ. ಶ್ರಾವಣ ಹುಟ್ಟಿತು, ಮದುವೆ ಒಡವೆಗಳ ಕೆಲಸವಿರಬೇಕು ಎಂದುಕೊಂಡೆ. ಅಷ್ಟರಲ್ಲಿ ಕಾರ್ಯದರ್ಶಿಯ ಉತ್ತರ ಬಂತು. ಬಹಳ ಮರ್ಯಾದೆಯ ಕಾಗದ. ಇಂಥ ಗೆರೆ ಸಾಮಾನ್ಯವಾಗಿ ಸೂರ್ಯನದಲ್ಲ, ಕಪ್ಪು ಗಾಜಿನ ಬಿರುಕಿನದು. ದಯವಿಟ್ಟು ಗಾಜನ್ನು ಪರೀಕ್ಷಿಸಿ, ಅಲ್ಲಿಯವರೆಗೆ ಅದರಲ್ಲಿ ಯಾರೂ ನೋಡಬೇಡಿ. ಇನ್ನು ಮುಂದೆ ಗಾಜಿನ ಸಹವಾಸವೇ ಬೇಡ, ಐಪೀಸಿನ ಹಿಂದೆ ಒಂದಡಿ ದೂರದಲ್ಲಿ ಬಿಳಿ ರಟ್ಟು ಹಿಡಿದು ಬಿಂಬವನ್ನು ಅದರ ಮೇಲೆ ಬೀಳಿಸಿ ನೋಡಿ ಎಂದು ಬರೆದಿದ್ದರು.

ಗಾಜನ್ನು ಬಿಸಿಲಿಗೆ ಹಿಡಿದೆ. ಕೆಳಗಿಟ್ಟ ಬಿಳಿ ಕಾಗದದ ಮೇಲೆ ಕಂದು ನೆರಳು ಬಿತ್ತು. ನೆರಳಿನ ನಡುವೆ ಓರೆಯಾಗಿ, ದಾರದಷ್ಟು ತೆಳ್ಳಗೆ, ಬೆಳ್ಳನೆಯ ಗೆರೆ. ಆಚಾರ್ರು ಹೇಳಿ ನಾನು ಬರೆದುಕೊಂಡಿದ್ದ ಅದೇ ಉದ್ದ, ಅದೇ ಓರೆ. ಅಂಥ ಕಣ್ಣು ಅದು, ಸುಡುತ್ತಿದ್ದಾಗಲೂ ಅಳತೆ ತಪ್ಪಿರಲಿಲ್ಲ. ಆಮೇಲೆ ಬಿಳಿ ರಟ್ಟಿನ ಉಪಾಯವನ್ನೂ ಮಾಡಿ ನೋಡಿದೆ. ಸೂರ್ಯ ಅಂಗೈಯಗಲ ಬಂದು ರಟ್ಟಿನ ಮೇಲೆ ಕೂತ, ಕಲೆಗಳ ಸಮೇತ. ದಾರಿಯಲ್ಲಿ ಹೋಗುವವರೆಲ್ಲ ಸುತ್ತ ನಿಂತು ನೋಡಬಹುದಾಗಿತ್ತು. ಕಾಲುಗಂಟೆಯ ಕೆಲಸ. ಅಂಗಳದ ಬೋಗುಣಿಯಲ್ಲಿ ಆಚಾರ್ರ ಹೆಂಡತಿ ಮಾಡುತ್ತಿದ್ದುದೂ ಇದಕ್ಕೆ ಬಹಳ ದೂರದ್ದೇನಲ್ಲ, ಸೂರ್ಯನ ಕಡೆ ನೇರವಾಗಿ ಕಣ್ಣೆತ್ತದೆ ನೋಡುವುದು.

ಕಾಗದ ಜೇಬಿನಲ್ಲಿಟ್ಟುಕೊಂಡು ಆಚಾರ್ರ ಮನೆಗೆ ಹೋದೆ. ಮಣೆಯ ಮೇಲೆ ಯಾರದೋ ಮದುವೆಯ ತಾಳಿಬೊಟ್ಟು ಇತ್ತು. ಅದರ ಬೆಸುಗೆ ಅಂಚು ದಾಟಿ ಹರಿದಿತ್ತು. ಆಚಾರ್ರ ಕೈಯಲ್ಲಿ ಅಂಥ ಕೆಲಸ ನಾನು ಕಂಡಿರಲಿಲ್ಲ. ಅವರು ಅದನ್ನು ಎತ್ತಿ, ಕೋಳಿ ನೋಡುವಂತೆ ಕತ್ತು ಓರೆ ಮಾಡಿ ನೋಡುತ್ತಿದ್ದರು. ಏನಾಯಿತೆಂದು ಕೇಳಿದೆ.

"ಬಲಗಣ್ಣಲ್ಲಿ ನೋಡಿದ್ ಜಾಗ್ದಲ್ಲೇ ಒಂದು ಕರೀ ಚುಕ್ಕೆ ಕುಂತ್ಬುಟ್ಟೈತೆ ಮೇಷ್ಟ್ರೇ. ಸುತ್ತ ಇರೋದೆಲ್ಲ ಕಾಣ್ತೈತೆ. ಬೇಕಾದ್ದೊಂದು ಕಾಣಾಕಿಲ್ಲ."

ಜೇಬಿನಲ್ಲಿದ್ದ ಕಾಗದ ಜೇಬಿನಲ್ಲೇ ಉಳಿಯಿತು. ಬೆಂಗಳೂರಿಗೆ ಹೋಗೋಣ, ಡಾಕ್ಟರಿಗೆ ತೋರಿಸೋಣ ಎಂದೆ. ಪೆಟ್ರೋಲು ಸಿಗದ ಆ ದಿನಗಳ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ, ಕೊರಟಗೆರೆಯಲ್ಲೊಮ್ಮೆ ಇಳಿದು ಉರಿ ಕೆದಕುವವರೆಗೆ ಕಾದು, ಸಂಜೆಗೆ ಬೆಂಗಳೂರು ಸೇರಿದೆವು. ಮಾರನೆಯ ದಿನ ಕಣ್ಣಿನ ಡಾಕ್ಟರು ಬಹಳ ಹೊತ್ತು ದೀಪ ಬಿಟ್ಟು ನೋಡಿ, ಈತ ಗ್ರಹಣ ನೋಡಿದ್ದನೇ ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನೋಡಿದ್ದರು ಎಂದೆ. ಅಷ್ಟೇ ಹೇಳಿದೆ. ದುರ್ಬೀನಿನ ಮಾತೆತ್ತಲಿಲ್ಲ. ಸುಳ್ಳನ್ನೂ ಹೇಳಲಿಲ್ಲ ಎಂದು ವಾಪಸು ಬರುವಾಗ ದಾರಿಯುದ್ದಕ್ಕೂ ಒಳಗೊಳಗೇ ವಾದ ಮಾಡಿಕೊಂಡೆ. ಈ ಸುಟ್ಟ ಗಾಯಕ್ಕೆ ಔಷಧಿಯಿಲ್ಲ, ಎಡಗಣ್ಣನ್ನು ಕಾಪಾಡಿಕೊಳ್ಳಲಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಊರಲ್ಲಿ ತೀರ್ಪು ಆಗಲೇ ಆಗಿತ್ತು. ಗ್ರಹಣ ನೋಡಿದ, ಕಣ್ಣು ಹೋಯಿತು. ಪುರೋಹಿತರು ಎದುರು ಸಿಕ್ಕಿ, ಮೇಷ್ಟ್ರಿಗೂ ಈಗ ಅರ್ಥವಾಗಿರಬೇಕು ಎಂದರು. ದೋಷ ಎನ್ನುವುದೇ ಇಲ್ಲ ಎಂದು ತರಗತಿಯಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ ನಾನು ಅಂದು ತಲೆ ತಗ್ಗಿಸಿ ಸುಮ್ಮನೆ ಮುಂದೆ ಹೋದೆ. ಜೀವನದಲ್ಲಿ ಮೊದಲ ಸಲ ರಾಹುವಿನ ಮರೆಯಲ್ಲಿ ನಿಂತೆ, ಅಲ್ಲಿ ನೆರಳು ಹಾಯಾಗಿತ್ತು.

ಒಂದು ಭಾನುವಾರ ಹಣ್ಣು ತೆಗೆದುಕೊಂಡು ಹೋದಾಗ ಆಚಾರ್ರು ಹೊರಗೆ ಹೋಗಿದ್ದರು. ಅವರ ಹೆಂಡತಿ ಹಿತ್ತಲ ಎಕ್ಕದ ಗಿಡಕ್ಕೆ ಒದ್ದೆಬಟ್ಟೆಯಲ್ಲಿ ಪ್ರದಕ್ಷಿಣೆ ಹಾಕುತ್ತಿದ್ದರು. ಸೊರಗಿ ಹೋಗಿದ್ದರು. ಸೂರ್ಯದೇವರಿಗೆ ಹರಕೆ, ಭಾನುವಾರ ಉಪ್ಪು ಬಿಟ್ಟು ಒಪ್ಪೊತ್ತು ಊಟ ಎಂದರು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ಗಂಡನಿಗೂ ಹೇಳದ ಮಾತನ್ನು ನನಗೆ ಹೇಳಿದರು. ಅಂದು ಆತ ತಾರಸಿಯಿಂದ ಬಳಲಿ ಬಂದು ಬಾಯಾರಿಕೆ ಎಂದರಂತೆ. ಗ್ರಹಣ ಬಿಡಲಿ ಎನ್ನದೆ, ತಡೆಯಲಾರದೆ ಒಂದು ಲೋಟ ಮಜ್ಜಿಗೆ ಕೊಟ್ಟರಂತೆ.

"ಹಿಡಿದಿದ್ ಹೊತ್ನಲ್ಲಿ ಬಾಯಿಗ್ ಕೊಟ್ಟೋಳು ನಾನು. ನೀವು ಓದ್ದೋರು, ಹೇಳಿ. ಒಂದು ಲೋಟ ಮಜ್ಜಿಗೆಗೆ ಕಣ್ಣೇ ಕಿತ್ಕೊಳ್ತಾನಾ ಸೂರ್ಯದೇವ್ರು?"

ಹಾಗೇನಿಲ್ಲಮ್ಮ ಎಂದೆ. ಅದೊಂದು ಮಾತು ಹೇಳಿ, ಹಣ್ಣನ್ನು ಜಗಲಿಯ ಮೇಲಿಟ್ಟು, ಓಡಿ ಬಂದೆ ಎಂದೇ ಹೇಳಬೇಕು.

ಆ ವಾರ ಸಂಘಕ್ಕೆ ವರದಿ ಹಿಂತೆಗೆದುಕೊಳ್ಳುವ ಕಾಗದ ಬರೆಯಬೇಕಾಗಿತ್ತು. ಬರೆಯುವುದು ಕಷ್ಟವಾಗಲಿಲ್ಲ. ರಟ್ಟು ಹಾಕಲು ಮರೆತೆ, ಗಾಜು ಒಡೆಯಿತು, ಗೆರೆ ಬಿರುಕಿನದು. ನೋಡಿದವರು ಎಂಬಲ್ಲಿಗೆ ಬಂದಾಗ ಲೇಖನಿ ನಿಂತಿತು. ಮೊದಲ ಸಲ ಆಚಾರ್ರ ಹೆಸರು ಬರೆದೆ. ಹಿಂದಿನ ಚಿತ್ರಗಳೆಲ್ಲವೂ ಅವರ ಕಣ್ಣಿನವೇ ಎಂದು ಸೇರಿಸಿದೆ. ಅವರ ಬಲಗಣ್ಣು ಈಗ ಇಲ್ಲ ಎಂದೂ ಬರೆದೆ. ಮಸಿ ಒಣಗಲು ಬಿಟ್ಟು ಮತ್ತೆ ಓದಿಕೊಂಡೆ. ಮುಖವನ್ನೇ ನೋಡದ ಯಾರೋ ಕಾರ್ಯದರ್ಶಿಗೆ ಸಲೀಸಾಗಿ ಹೇಳಿದ ಸತ್ಯವನ್ನು ಎರಡು ಬೀದಿ ಆಚೆ ಉಪ್ಪು ಬಿಟ್ಟು ಕೂತ ಹೆಂಗಸಿಗೆ ಹೇಳಿರಲಿಲ್ಲ. ಭಾನುವಾರ ಬೆಳಿಗ್ಗೆ ಗಾಜು, ರಟ್ಟು, ಒಂದು ಹಾಳೆ ಬಿಳಿ ಕಾಗದ ತೆಗೆದುಕೊಂಡು ಹೊರಟೆ.

ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಆಚಾರ್ರು ಒಳಗೆ ಮಣೆಯ ಮುಂದೆ ಕೂತಿದ್ದರು. ಅವರ ಹೆಂಡತಿಯನ್ನು ಕರೆದು, ಕಾಗದವನ್ನು ನೆಲಕ್ಕಿಟ್ಟು, ಗಾಜನ್ನು ಬಿಸಿಲಿಗೆ ಹಿಡಿದೆ. ಕಂದು ನೆರಳಿನ ನಡುವೆ ಬಿಳಿ ಗೆರೆ ಬಿತ್ತು. ಇದೇ ಗೆರೆ ನಿಮ್ಮ ಯಜಮಾನರ ಕಣ್ಣೊಳಗೆ ಹೋಯಿತು ಎಂದೆ. ರಟ್ಟು ತೋರಿಸಿ, ಇದನ್ನು ಹಾಕಬೇಕಾಗಿತ್ತು, ಮರೆತೆ ಎಂದೆ. ಟಿಕ್ ಅಂದದ್ದನ್ನು ಅವರು ಹೇಳಿದರು, ಚುಚ್ಚುತ್ತದೆ ಎಂದೂ ಹೇಳಿದರು, ಕಣ್ಣು ತೆಗೀಬೇಡಿ ಎಂದವನು ನಾನು ಎಂದೆ. ಮನೆಗೆ ಬಂದು ಮಜ್ಜಿಗೆ ಕುಡಿಯುವ ಹೊತ್ತಿಗೆ ಎಲ್ಲ ಆಗಿಹೋಗಿತ್ತು ಎಂದೆ. ಬೈಗುಳಕ್ಕೆ ತಯಾರಾಗಿ ನಿಂತಿದ್ದೆ. ಬೈದಿದ್ದರೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ಆಕೆ ನೆಲದ ಮೇಲಿನ ಗೆರೆಯನ್ನೇ ನೋಡುತ್ತಿದ್ದರು.

"ಅಂಗಾದ್ರೆ ಮಜ್ಜಿಗೆಯಿಂದ ಅಲ್ವಾ?"

"ಅಲ್ಲಮ್ಮ."

"ನನ್ನಿಂದ ಅಲ್ವಾ?"

"ಅಲ್ಲ. ನನ್ನಿಂದ."

ಮೆಟ್ಟಿಲ ಮೇಲೆ ಕುಸಿದು ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಳಗಿನಿಂದ ಆಚಾರ್ರ ದನಿ ಬಂತು.

"ಯಾವ್ ಮಜ್ಜಿಗೆ?" ಎಂದರು. ಹೆಂಡತಿ ಅಳುತ್ತಲೇ ಹೇಳಿದರು. ಆಚಾರ್ರು ಎದ್ದು ಬಂದು ಬಾಗಿಲಲ್ಲಿ ನಿಂತು, ಕತ್ತು ಓರೆ ಮಾಡಿ ನನ್ನನ್ನು ನೋಡಿದರು.

"ಗೆರೆ ಗಾಜಿಂದು ಅಂತ ನಂಗೆ ಅವತ್ತೇ ಗೊತ್ತಾಯ್ತು ಮೇಷ್ಟ್ರೇ. ಸೂರ್ಯ ಜರುಗ್ತಿದ್ದ, ಗೆರೆ ಜರುಗ್ತಿರ್ಲಿಲ್ಲ. ನೀವು ಖುಷೀಲಿ ಬರ್ಕೊಂತಿದ್ರಿ, ಏನ್ ಹೇಳೋದು ಅಂತ ಸುಮ್ಕಾದೆ. ಇವ್ಳು ಇಂಗೆ ಬೇಯ್ತಾವ್ಳೆ ಅಂತ ಗೊತ್ತಿದ್ದಿದ್ರೆ ಹೇಳ್ಬುಡ್ತಿದ್ದೆ."

ಗಾಜು, ರಟ್ಟು ಎರಡನ್ನೂ ಹಿಡಿದುಕೊಂಡು ಶಾಲೆಯಲ್ಲಿ ತಪ್ಪು ಮಾಡಿ ನಿಂತವನಂತೆ ಬಿಸಿಲಲ್ಲಿ ನಿಂತಿದ್ದೆ. ಆಕೆ ಮುಖ ಒರೆಸಿಕೊಂಡು ಒಳಗೆ ಹೋದರು. ಮಡಕೆಯಲ್ಲಿ ಕಡೆಗೋಲು ಆಡಿದ ಸದ್ದು ಕೇಳಿಸಿತು. ಹೊರಗೆ ಬಂದಾಗ ಕೈಯಲ್ಲಿ ಮೂರು ಲೋಟ ಮಜ್ಜಿಗೆಯಿತ್ತು, ಬೆರಳ ತುದಿಯಲ್ಲಿ ಉಪ್ಪಿನ ಹರಳು ಅಂಟಿತ್ತು. ಅಂದು ಭಾನುವಾರ, ಉಪ್ಪು ಬಿಟ್ಟ ದಿನ. ನಮ್ಮಿಬ್ಬರ ಎದುರೇ ನಿಂತು ಮೊದಲು ತಾವು ಕುಡಿದರು, 'ಅಯ್ಯೋ ಉಪ್ಪೇ' ಎಂದು ಮೆಲ್ಲಗೆ ಅಂದುಕೊಂಡು ಪೂರ್ತಿ ಕುಡಿದರು. ಆಮೇಲೆ ಗಂಡನಿಗೆ ಒಂದು ಲೋಟ ಕೊಟ್ಟರು. ಇನ್ನೊಂದನ್ನು, ತಗೊಳ್ಳಿ ಮೇಷ್ಟ್ರೇ ಎಂದು ನನಗೆ ಕೊಟ್ಟರು.

ಅದನ್ನು ಕುಡಿದು ಮುಗಿಸಿದಷ್ಟು ಕಷ್ಟದ ಕೆಲಸವನ್ನು ನಾನು ಮತ್ತೆ ಮಾಡಿಲ್ಲ.